ಒಂದು ವಾಕ್ಯಕ್ಕೆ ಒಂದು ಊರು

ಮಂಕಿ ಕ್ಯಾಪು, ಅದರ ಕೆಳಗೆ ಕಾಫಿ ಬಣ್ಣದ ಸಫಾರಿ ಸೂಟು, ಕಾಲಲ್ಲಿ ಹೆಂಡತಿಯ ಹವಾಯಿ ಚಪ್ಪಲಿ, ಕೈಯಲ್ಲಿ ಲಟ್ಟಣಿಗೆ. ಹೊಸಮನಿಯವರೆಂದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಈ ವೇಷ. ಡಿಸೆಂಬರ್ ಇಪ್ಪತ್ನಾಲ್ಕರ ಸಂಜೆ, ಅಹಮದಾಬಾದಿನ ಚಾಂದ್‌ಖೇಡಾದಲ್ಲಿದ್ದ ನಮ್ಮ ಸ್ಟಾಫ್ ಕಾಲೊನಿಯ ಮೊದಲ ಮಹಡಿಯ ಮನೆಯಲ್ಲಿ, ಅವರು ಲಟ್ಟಣಿಗೆಯ ತುದಿಯನ್ನು ಕಂಪ್ಯೂಟರಿನ ಪರದೆಗೆ ತಾಗಿಸಿ, ನೆಲದ ಮೇಲೆ ಕೂತ ಮಕ್ಕಳಿಗೆ ಮಾತ್ರವಲ್ಲ, ಎದುರು ಬ್ಲಾಕಿನವರಿಗೂ ಕೇಳುವ ಹಾಗೆ ಸಾರುತ್ತಿದ್ದರು:

“ಫಿಜಿ ದಾಟ್ಯಾನ! ಈಗ ನ್ಯೂಜಿಲೆಂಡಿನ ಮ್ಯಾಲೆ ಅದಾನ. ಎಂಟು ಜಿಂಕಿ, ಒಂದು ಬಂಡಿ, ಬಂಡಿ ತುಂಬ ಗಂಟು. ಮುಂದ ಎಲ್ಲಿ ಹೊಂಟಾನ ಅಂತ ಯಾರಿಗೆ ನೋಡಬೇಕಾಗೈತಿ? ಹಂಗಾರ ಕನ್ನಡದಾಗ ಒಂದು ವಾಕ್ಯ ಹೇಳ್ರಿ. ಪುಕ್ಕಟೆ ಏನೂ ಇಲ್ಲ ಇಲ್ಲೆ!”

ಬಂಡಿಯಲ್ಲಿದ್ದವನು ಸಾಂತಾ ಕ್ಲಾಸ್. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಜಗತ್ತಿನ ಮಕ್ಕಳಿಗೆಲ್ಲ ಉಡುಗೊರೆ ಹಂಚುವ ಆ ಬಿಳಿ ಗಡ್ಡದ ಮುದುಕ ಈ ಕ್ಷಣ ಎಲ್ಲಿದ್ದಾನೆ ಎಂದು ನಕ್ಷೆಯ ಮೇಲೆ ತೋರಿಸುವ ವೆಬ್‌ಸೈಟೊಂದನ್ನು ಅಮೆರಿಕದ ಕಡೆಯ ಯಾರೋ ನಡೆಸುತ್ತಿದ್ದರು. ನಮ್ಮಲ್ಲಿ ಸಂಜೆ ಐದೂವರೆ ಆಗುವಾಗ ಭೂಮಿಯ ಆ ತುದಿಯಲ್ಲಿ ನಡುರಾತ್ರಿಯಾಗಿ ಅವನ ಪ್ರಯಾಣ ಶುರುವಾಗುತ್ತಿತ್ತು. ಜಗತ್ತಿನ ಬೇರೆ ಮಕ್ಕಳು ಅದನ್ನು ಸುಮ್ಮನೆ ಕೂತು ನೋಡುತ್ತಿದ್ದರು. ಚಾಂದ್‌ಖೇಡಾದ ಕನ್ನಡದ ಮಕ್ಕಳು ಮಾತ್ರ ಒಂದು ಊರಿಗೆ ಒಂದು ವಾಕ್ಯದಂತೆ ಸುಂಕ ಕಟ್ಟಿ ನೋಡಬೇಕಿತ್ತು.

ಬಸವಣ್ಣೆಪ್ಪ ಹೊಸಮನಿ ಗದಗಿನ ಕಡೆಯವರು, ತೈಲ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದವರು. ನೌಕರಿಯ ಬಹುಪಾಲನ್ನು ವಡೋದರಾದಲ್ಲಿ ಕಳೆದು, ನಿವೃತ್ತಿಗೆ ಇನ್ನು ನಾಲ್ಕೈದು ವರ್ಷವಿದೆ ಎನ್ನುವಾಗ ವರ್ಗವಾಗಿ ನಮ್ಮ ಕಾಲೊನಿಗೆ ಬಂದರು. ಲಾರಿಯಿಂದ ಸಾಮಾನು ಇಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಕಂಪ್ಯೂಟರಿಗೆ ಎರಡು ಕೌದಿ ಸುತ್ತಿತ್ತು, ದೇವರು ಗೋಣಿಚೀಲದಲ್ಲಿ ಬಂದಿದ್ದ. ಮುಂದೆ ಗಣರಾಜ್ಯೋತ್ಸವದ ಬೆಳಿಗ್ಗೆ ಭೂಮಿ ನಡುಗಿದಾಗ ನಾವೆಲ್ಲ ಮಕ್ಕಳನ್ನು ಅವಚಿಕೊಂಡು ಮೆಟ್ಟಿಲಿಳಿದು ಓಡಿದರೆ ಈ ಮಹಾಶಯರು ಸಿಪಿಯು ಅವಚಿಕೊಂಡು ಓಡಿದರು. ಹಿಂದಿನಿಂದ ಬಂದ ಅವರ ಹೆಂಡತಿ ಗಿರಿಜಕ್ಕ ಎಲ್ಲರೆದುರೇ ಬೆಂಕಿಯಾದರು.

“ಕಟಗೊಂಡ ಹೆಣ್ತೀನ್ನ ಬಿಟ್ಟು ಡಬ್ಬಿ ಹೊತಗೊಂಡು ಬಂದೀರಲ್ಲಾ, ನಾಚಿಕಿ ಬರೂದಿಲ್ಲೇನು?”

“ನಿನಗ ಕಾಲು ಅದಾವು, ಓಡಿ ಬಂದಿ. ಅದಕ್ಕೆಲ್ಲಿ ಅದಾವು?” ಎಂದರು ಹೊಸಮನಿ. ಇನ್ನೊಮ್ಮೆ ಭೂಮಿ ನಡುಗಿದ್ದರೂ ಆ ಸಿಟ್ಟಿನಲ್ಲಿ ಗಿರಿಜಕ್ಕನಿಗೆ ಅಂದು ತಿಳಿಯುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಸೂರತ್ತಿನ ಗುಜರಾತಿ ಮನೆಗೆ ಮದುವೆಯಾಗಿ ಹೋಗಿದ್ದಳು. ಅಳಿಯನಿಗೆ ಪಾಂಡೇಸರಾದಲ್ಲಿ ಸೀರೆಗೆ ಬಣ್ಣ ಹಾಕುವ ಮಿಲ್ಲು. ಒಳ್ಳೆಯ ಹುಡುಗ, ಒಳ್ಳೆಯ ಮನೆ. ಆದರೆ ಮಗಳು ಫೋನ್ ಮಾಡಿದರೆ “ಪಪ್ಪಾ, ಕೇಮ್ ಛೋ?” ಎಂದು ಗುಜರಾತಿಯಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಿದ್ದಳು. ಆ ಫೋನು ಇಟ್ಟ ಮೇಲೆ ಹೊಸಮನಿಯವರು ಸ್ವಲ್ಪ ಹೊತ್ತು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ, ಮತ್ತು ಅವರು ಮಾತಾಡದೆ ಇರುವುದು ಕಾಲೊನಿಯಲ್ಲಿ ಸುದ್ದಿಯಾಗುವಂಥ ವಿಷಯ.

ಒಮ್ಮೆ ನನಗೆ ಹೇಳಿದರು: “ವಡೋದರಾದಾಗ ನಾ ಬರೇ ಡ್ಯೂಟಿ ಡ್ಯೂಟಿ ಅಂತ ಹೊಂಟೆ, ಮೇಡಂ. ಕೂಸಿಗೆ ಹಲ್ಲು ಬಂದಂಗ ಕನ್ನಡಾನೂ ತಾನ ಬರತೈತಿ ಅಂತ ತಿಳದಿದ್ದೆ. ಬರಲಿಲ್ಲ ನೋಡ್ರಿ. ನನ್ನ ಮಗಳು ನನ್ನ ಮಾತಿನಾಗ ನನ್ನ ಜೋಡಿ ಒಂದ ಸಲನೂ ಜಗಳಾ ಆಡಿಲ್ಲ. ರಿಟೈರ್ ಆಗೂದರೊಳಗ ಯಾವದರೆ ಒಂದು ಕೂಸು, ನಾ ಕೇಳಲಾರದ, ತಾನಾಗೇ ನನ್ನ ಜೋಡಿ ಕನ್ನಡದಾಗ ಮಾತಾಡಬೇಕು. ಅಷ್ಟ ಆದ್ರ ಸಾಕು.”

ಬೇಡಿಕೆ ಚಿಕ್ಕದು. ಆದರೆ ಅದನ್ನು ಈಡೇರಿಸಬಲ್ಲ ಜಾಗ ನಮ್ಮದಲ್ಲ ಎಂದು ಬಂದ ಹೊಸತರಲ್ಲಿ ಅವರಿಗೆ ತಿಳಿದಿರಲಿಲ್ಲ.

ನಮ್ಮಲ್ಲಿ ಕನ್ನಡ ಸಂಘ ಇರಲಿಲ್ಲವೆಂದಲ್ಲ. ಇತ್ತು, ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಎಚ್ಚರವಾಗುತ್ತಿತ್ತು. ಉಡುಪಿ ಹೋಟೆಲಿನ ಹೆಬ್ಬಾರರು ಅಧ್ಯಕ್ಷರು, ಮಂಡ್ಯ ಕಡೆಯ ಮೂರ್ತಿಯವರು ಖಜಾಂಚಿ. ಒಂದು ವರ್ಷ ಹೆಬ್ಬಾರರು ಮೂರ್ತಿಯವರಿಗೆ ಶಾಲು ಹೊದಿಸಿದರೆ ಮರುವರ್ಷ ಮೂರ್ತಿಯವರು ಹೆಬ್ಬಾರರಿಗೆ ಹೊದಿಸುತ್ತಿದ್ದರು. ಶಾಲು ಅದೇ ಎಂದು ನನ್ನ ಅನುಮಾನ. ಕನ್ನಡ ಉಳಿಯಬೇಕು, ಬೆಳೆಯಬೇಕು ಎಂದು ಮುಕ್ಕಾಲು ಗಂಟೆ ಭಾಷಣ, ಆಮೇಲೆ ಬಿಸಿಬೇಳೆಬಾತು. ಹಿಂದಿನ ಸಾಲಿನಲ್ಲಿ ಮಕ್ಕಳು “ಕ್ಯಾರೇ ಪತಶೇ?” ಎಂದು, ಅಂದರೆ ಇದು ಯಾವಾಗ ಮುಗಿಯುತ್ತದೆ ಎಂದು, ಗುಜರಾತಿಯಲ್ಲಿ ಕೇಳಿಕೊಳ್ಳುತ್ತಿದ್ದರು. ಭಾಷಣ ಮಾಡುತ್ತಿದ್ದವರ ಮಕ್ಕಳು ಮೊಮ್ಮಕ್ಕಳೇ ಹೆಚ್ಚು ಸಲ ಕೇಳುತ್ತಿದ್ದರು.

ಹೊಸಮನಿಯವರು ಭಾನುವಾರ ಬೆಳಿಗ್ಗೆ ತಮ್ಮ ಮನೆಯಲ್ಲೇ ಕನ್ನಡ ಕ್ಲಾಸು ತೆರೆದರು. ಅದು ಟಿವಿಯಲ್ಲಿ ಕಾರ್ಟೂನು ಬರುವ ಹೊತ್ತು. ಮೊದಲ ವಾರ ಐದಾರು ಮಕ್ಕಳು ಬಂದವು. ತಿಂಗಳೊಪ್ಪತ್ತಿನಲ್ಲಿ ನನ್ನ ಮಗಳು ಮೇಘಾ ಒಬ್ಬಳೇ ಉಳಿದಳು, ಅದೂ ನಾನು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದರಿಂದ. ಎಂಟು ವರ್ಷದ ಹುಡುಗಿ. ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮೈಸೂರಿನಿಂದ ಅಜ್ಜ ಫೋನ್ ಮಾಡಿದರೆ “ಹಾಂ, ಹಾಂ” ಎಂದು ತಲೆಯಾಡಿಸಿ ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು.

ಆ ಡಿಸೆಂಬರಿನಲ್ಲಿ ಮಕ್ಕಳ ಬಾಯಲ್ಲಿ ಸಾಂತಾನದೇ ಸುದ್ದಿ. ಎಲ್ಲರೂ ಕಾನ್ವೆಂಟಿಗೆ ಹೋಗುವವರು, ಅವನನ್ನು ಕಂಪ್ಯೂಟರಿನಲ್ಲಿ ಹಿಂಬಾಲಿಸಬಹುದು ಎಂದು ಅಲ್ಲಿ ಯಾರೋ ಹೇಳಿದ್ದರಂತೆ. ಕಾಲೊನಿಯ ಕನ್ನಡದವರಲ್ಲಿ ಮನೆಯಲ್ಲಿ ಇಂಟರ್ನೆಟ್ ಇದ್ದದ್ದು ಹೊಸಮನಿಯವರಿಗೆ ಮಾತ್ರ. ಮೇಘಾಳಿಂದ ವಿಷಯ ತಿಳಿದು, ವೆಬ್‌ಸೈಟು ಹುಡುಕಿ ತೆಗೆದು, ಓಡೋಡಿ ನಮ್ಮ ಮನೆಗೆ ಬಂದರು.

“ಮೇಡಂ, ಈ ಮುದುಕನ ಟೂರ್ ಪ್ರೋಗ್ರಾಂ ನೋಡೀರೇನು? ಒಂದ ರಾತ್ರಿಯೊಳಗ ಇಡೀ ಜಗತ್ತು! ಇವನ ಟಿಎ ಬಿಲ್ಲು ಪಾಸ್ ಮಾಡವನ ಗತಿ ಏನ್ರಿ?” ಎಂದು ನಕ್ಕು, ಕೂಡಲೇ ದನಿ ಇಳಿಸಿದರು. ಅವರ ಪಾಲಿಗೆ ದನಿ ಇಳಿಸುವುದೆಂದರೆ ಒಂದು ಮಹಡಿಗೆ ಮಾತ್ರ ಕೇಳಿಸುವುದು. “ಇವನ್ನ ಹಿಡದ ನಾ ಈ ಹುಡುಗರಿಗೆ ಕನ್ನಡ ಕಲಸ್ತೀನಿ, ನೋಡ್ತಿರ್ರಿ.”

ಹಾಗೆ ಸುಂಕದ ಪದ್ಧತಿ ಜಾರಿಗೆ ಬಂತು. ಆಗ ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ಅತ್ತು ಕರೆದು ಬರುತ್ತಿದ್ದ ಕಾಲ. ಒಂದು ಚಿತ್ರ ಮೇಲಿನಿಂದ ಕೆಳಕ್ಕೆ ಪೂರ್ತಿ ಇಳಿಯುವಷ್ಟರಲ್ಲಿ ಗಿರಿಜಕ್ಕ ಒಂದು ಸುತ್ತು ಚಹಾ ಕೊಟ್ಟು ಬರುತ್ತಿದ್ದರು. ಮಕ್ಕಳು ತಮಗೆ ಗೊತ್ತಿದ್ದ ಕನ್ನಡವನ್ನೆಲ್ಲ ಕೆರೆದು ತೆಗೆದರು. “ನನ್ನ ಹೆಸರು ವಿನಯ್” ಎಂದ ಬ್ಯಾಂಕ್ ಮ್ಯಾನೇಜರರ ಮಗ. ಒಂದು ಊರು. “ಇದು ಬೆಕ್ಕು” ಎಂದಳು ಹೆಬ್ಬಾರರ ಮೊಮ್ಮಗಳು ಶ್ರಾವ್ಯಾ.

“ಎಲ್ಲೈತಿ ಬೆಕ್ಕು? ಸುಳ್ಳು ವಾಕ್ಯಕ್ಕ ಊರಿಲ್ಲ!” ಎಂದು ಹೊಸಮನಿ ಲಟ್ಟಣಿಗೆ ಎತ್ತಿದರು.

ಸಾಂತಾ ಸಿಡ್ನಿ ಮುಟ್ಟುವ ಮೊದಲೇ ಲೈನು ಕಟ್ಟಾಯಿತು. ಎಷ್ಟು ತಿಣುಕಿದರೂ ಮತ್ತೆ ಬರಲಿಲ್ಲ. ಮಕ್ಕಳು ಬಟ್ಟೆ ಕೊಡವಿಕೊಂಡು ಏಳತೊಡಗಿದರು. ಹೊಸಮನಿಯವರು ಥಟ್ಟನೆ ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಅದಕ್ಕೂ ಗೋಡೆಗೂ ನಡುವೆ ತಲೆ ತೂರಿಸಿ ಕೂಗಿದರು: “ಕೂಡ್ರಿ, ಕೂಡ್ರಿ! ಅಂವ ದಾರಿ ತಪ್ಪ್ಯಾನ. ನನಗ ಕಾಣಾಕತ್ತೈತಿ. ಅಯ್ಯೋ ಶಿವನೇ, ಗದಗಿಗೆ ಬಂದಾನ!”

ಆಮೇಲಿನದು ಯಾವ ವೆಬ್‌ಸೈಟಿನಲ್ಲೂ ಇರಲಿಲ್ಲ. ಸಾಂತಾ ಗದಗಿನ ಸಂತೆಯ ನಡುವೆ ಬಂಡಿ ನಿಲ್ಲಿಸಿ ದಾರಿ ಕೇಳಿದನಂತೆ. ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರಂತೆ. ಅಷ್ಟರಲ್ಲಿ ಒಂದು ಜಿಂಕೆ ಬ್ಯಾಡಗಿ ಮೆಣಸಿನಕಾಯಿ ಚೀಲಕ್ಕೆ ಬಾಯಿ ಹಾಕಿ, ಖಾರ ಹತ್ತಿ, ಬಂಡಿ ಎಳೆದುಕೊಂಡು ಹುಬ್ಬಳ್ಳಿಯವರೆಗೂ ಓಡಿತಂತೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. “ಫಿರ್ ಕ್ಯಾ ಹುವಾ ಅಂಕಲ್?” ಎಂದ ವಿನಯ್. “ಕನ್ನಡದಾಗ ಕೇಳು.” ಹುಡುಗ ತಡಕಾಡಿ “ಆಮೇಲೆ?” ಎಂದ. ಅದು ಪೂರ್ಣ ವಾಕ್ಯವಲ್ಲ, ಆದರೂ ಹೊಸಮನಿಯವರು ನಿಯಮ ಸಡಿಲಿಸಿ ಹುಬ್ಬಳ್ಳಿಯ ಮೇಲೆ ಧಾರವಾಡವನ್ನೂ ಕೊಟ್ಟರು. ಮುಂದಿನ ಭಾನುವಾರ ಕ್ಲಾಸಿನಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ.

ವರ್ಷವಿಡೀ ಕ್ಲಾಸು ತುಂಬಿತು. ಇದನ್ನು ದೊಡ್ಡವರಿಗೂ ತೋರಿಸಬೇಕೆಂಬ ಹುಮ್ಮಸ್ಸು ಹೊಸಮನಿಯವರಿಗೆ ಬಂದದ್ದೇ ಎಡವಟ್ಟಾಯಿತು. ಎರಡನೆಯ ವರ್ಷದ ಸಾಂತಾ ಸಂಜೆಗೆ ಸಂಘದವರನ್ನೆಲ್ಲ ಕರೆದರು. ಹೆಬ್ಬಾರರು ಮುಖ್ಯ ಅತಿಥಿ. ಕಂಪ್ಯೂಟರಿನ ಪಕ್ಕ ದೀಪ ಹಚ್ಚಿ, ಅದರ ನೆತ್ತಿಗೆ ಕುಂಕುಮವಿಟ್ಟು ಪ್ರಾರ್ಥನೆಯೂ ಆಯಿತು. ಅಪ್ಪ ಅಮ್ಮಂದಿರು ಕುರ್ಚಿಗಳಲ್ಲಿ, ಮಕ್ಕಳು ನೆಲದ ಮೇಲೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ತರಕಾರಿ ಗುಜರಾತಿಯಲ್ಲಿ ಬರುತ್ತಿತ್ತು, ಹೋಂವರ್ಕು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಮಕ್ಕಳನ್ನು ಮುದ್ದು ಮಾಡುವುದೂ ಹಿಂದಿಯಲ್ಲೇ. ಕನ್ನಡ ಉಳಿದಿದ್ದದ್ದು ಒಂದೇ ಕೆಲಸಕ್ಕೆ, ಉಳಿದ ಕನ್ನಡದವರನ್ನು ಆಡಿಕೊಳ್ಳುವುದಕ್ಕೆ. ಊಟದ ಹೊತ್ತಿಗೆ ಗಂಡ ಹೆಂಡತಿ, ಮಕ್ಕಳಿಗೇನು ತಿಳಿಯುತ್ತದೆ ಎಂಬ ಧೈರ್ಯದಲ್ಲಿ, ಸಂಘದ ಒಬ್ಬೊಬ್ಬರನ್ನೂ ಎಳೆದು ತಂದು ಹಿಂಡಿ ಹಿಪ್ಪೆ ಮಾಡುತ್ತಿದ್ದರು. ಮಕ್ಕಳು ಕಿವಿಯಾರೆ ಕೇಳಿ ಬೆಳೆದ ಪೂರ್ಣ ವಾಕ್ಯಗಳೆಂದರೆ ಅವೇ.

ಮೊದಲು ವಿನಯ್ ಕೈಯೆತ್ತಿದ. “ಹೆಬ್ಬಾರ್ ಅಂಕಲ್ ಹೋಟ್ಲು ಸಾಂಬಾರಲ್ಲಿ ಬೇಳೆ ಹುಡುಕೋಕೆ ದುರ್ಬೀನು ಬೇಕು.”

ಅವನ ತಾಯಿ ಸುಧಾ ಸೆರಗನ್ನು ಬಾಯಿಗೊತ್ತಿಕೊಂಡರು. ಹೆಬ್ಬಾರರ ಮುಖ ದೀಪದ ಬೆಳಕಿನಲ್ಲಿ ಇನ್ನಷ್ಟು ಕೆಂಪಾಯಿತು. ಹೊಸಮನಿಯವರು ಮಾತ್ರ ಕುಣಿದಾಡಿದರು. “ಭೇಷ್! ಪೂರ್ಣ ವಾಕ್ಯ! ತಗೋ ಸಿಡ್ನಿ!”

ತಾತನ ಮಾನ ಉಳಿಸಲು ಶ್ರಾವ್ಯಾ ಎದ್ದು ನಿಂತಳು. “ಆ ಬ್ಯಾಂಕಿನವಳು ಬಂದ್ರೆ ಫ್ರಿಜ್ಜಿನ ಬಾಗಿಲು ತೆಗೀಬೇಡ, ಕುತ್ತಿಗೆ ಉದ್ದ ಮಾಡಿ ಎಲ್ಲ ನೋಡ್ತಾಳೆ.”

ಸುಧಾರ ಬಾಯಿಂದ ಸೆರಗು ಜಾರಿತು. ಪಪುವಾ ನ್ಯೂಗಿನಿ ಬಂತು. ಆಗ, ಇಡೀ ವರ್ಷ ಬಾಯಿ ಬಿಡದ ನನ್ನ ಮೇಘಾ, ಜಪಾನ್ ನೋಡುವ ಆಸೆಗೆ ಕೈಯೆತ್ತಿದಳು.

“ಮೂರ್ತಿ ಅಂಕಲ್ ರಾತ್ರಿ ಮಲಗೋವಾಗ ಕೂದಲು ತೆಗೆದು ಮೊಳೆಗೆ ನೇತು ಹಾಕ್ತಾರೆ.”

ಮೂರ್ತಿಯವರ ಕೈ ತಾನಾಗಿ ತಲೆಗೆ ಹೋಯಿತು. ಎಲ್ಲರ ಕಣ್ಣೂ ಅದರ ಹಿಂದೆಯೇ ಹೋಯಿತು. ಆ ವಾಕ್ಯ ನಮ್ಮ ಮನೆಯದು, ನನ್ನದೇ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆ ಗದ್ದಲದಲ್ಲಿ ಹೊಸಮನಿಯವರು ಮಂಕಿ ಕ್ಯಾಪು ಕಿತ್ತು ಅದರಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. “ಮೇಘಾನೂ ಮಾತಾಡಿದಳಲ್ರಿ! ಕರ್ತೃ, ಕರ್ಮ, ಕ್ರಿಯಾಪದ, ಎಲ್ಲಾ ಅದಾವು ನೋಡ್ರಿ!” ವಾಕ್ಯದಲ್ಲಿ ಏನಿದೆ ಎಂದು ಅವರು ಕೇಳಿಸಿಕೊಂಡೇ ಇರಲಿಲ್ಲ.

ಮುಂದಿನ ಭಾನುವಾರ ಹೆಬ್ಬಾರರ ಹೋಟೆಲಿನ ಮಹಡಿಯ ಮೇಲೆ ಸಂಘದ ತುರ್ತು ಸಭೆ ಸೇರಿತು. ಸಾಂಬಾರು, ಫ್ರಿಜ್ಜು, ಕೂದಲು, ಈ ಮೂರು ಪದಗಳನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಸಂಸ್ಕೃತಿಯ ಬಗ್ಗೆ ಮಾತಾಡಿದರು.

“ನೋಡಿ ಮಾರಾಯ್ರೆ, ನಮಗೆ ಯಾರ ಮೇಲೂ ದ್ವೇಷ ಇಲ್ಲ,” ಎಂದರು ಹೆಬ್ಬಾರರು. “ಆದ್ರೆ ನಮ್ಮ ಮಕ್ಕಳಿಗೆ ಈ ಸಾಂತಾ ಎಂತಕ್ಕೆ? ನಮ್ಮಲ್ಲಿ ದೇವರಿಗೆ ಬರ ಉಂಟಾ? ಹನುಮಂತನನ್ನು ತೋರಿಸಿ. ಅವನೂ ಹಾರ್ತಾನಲ್ಲ?”

ಹೊಸಮನಿಯವರು ಶ್ರದ್ಧೆಯಿಂದಲೇ ಕೇಳಿದರು: “ತೋರಸ್ತೀನ್ರಿ. ಹನುಮಪ್ಪ ಸದ್ಯ ಎಲ್ಲಿ ಅದಾನ ಅಂತ ಯಾವ ವೆಬ್‌ಸೈಟಿನಾಗ ಬರತೈತಿ, ಅಷ್ಟ ಹೇಳ್ರಿ.”

“ಇದು ತಮಾಷೆ ಅಲ್ಲ ಸಾರ್. ಮಕ್ಕಳು ಸಂಸ್ಕಾರ ಕಳ್ಕೋತಾ ಇದಾರೆ,” ಎಂದರು ಮೂರ್ತಿ.

ನನಗೆ ತಡೆಯಲಾಗಲಿಲ್ಲ. “ಮೂರ್ತಿಯವರೇ, ಸಂಸ್ಕಾರ ಕೆಟ್ಟಿದ್ದು ಸಾಂತಾನಿಂದಲೋ, ಮೊಳೆಯಿಂದಲೋ?” ಎಂದೆ. ಮೇಜಿನ ಕೆಳಗೆ ನನ್ನ ಯಜಮಾನರು ನನ್ನ ಕಾಲು ತುಳಿದರು. ಜೋರಾಗಿಯೇ ತುಳಿದರು. ಆದರೂ ನಾನು ಹೇಳುವುದನ್ನೆಲ್ಲ ಹೇಳಿದೆ: ಮಕ್ಕಳು ಕನ್ನಡ ಮಾತಾಡಬೇಕೆಂದು ಪ್ರತಿ ನವೆಂಬರಿನಲ್ಲಿ ಗಂಟಲು ಹರಿದುಕೊಳ್ಳುವವರು, ಈಗ ಮಾತಾಡಿದರೆ ಯಾಕೆ ಉರಿದುಕೊಳ್ಳುತ್ತೀರಿ ಎಂದು ಕೇಳಿದೆ. ಹೆಬ್ಬಾರರು ಕಾಫಿ ತರಿಸಿದರು. ಇನ್ನು ಮುಂದೆ ಡಿಸೆಂಬರ್ ಇಪ್ಪತ್ನಾಲ್ಕರ ಸಂಜೆ ಮಕ್ಕಳಿಗೆ ಶ್ಲೋಕ ಸ್ಪರ್ಧೆ ನಡೆಸುವುದೆಂದು ತೀರ್ಮಾನವಾಯಿತು.

“ಶ್ಲೋಕ ಸಂಸ್ಕೃತದಾಗ ಇರತಾವಲ್ರಿ,” ಎಂದರು ಹೊಸಮನಿ. “ಹಂಗಾರ ಕನ್ನಡ?”

“ಅದು ನವೆಂಬರಲ್ಲಿ ಉಂಟಲ್ಲ,” ಎಂದರು ಅಧ್ಯಕ್ಷರು.

ಮೆಟ್ಟಿಲಿಳಿಯುವಾಗ ಹೊಸಮನಿಯವರ ದನಿ ನನ್ನೊಬ್ಬಳಿಗೇ ಕೇಳಿಸುವಷ್ಟು ಸಣ್ಣದಾಗಿತ್ತು. “ಆಡಿಕೊಳ್ಳಾಕರೆ ಕನ್ನಡ ಬಂತಲ್ರಿ ಅವಕ್ಕ. ಅಲ್ಲಿಂದ ಶುರು ಆಗಿದ್ದು ಹಂಗ ಪ್ರೀತಿ ಮಾತಿಗೂ ಬರತಿತ್ತು. ಇನ್ನೊಂದೆರಡು ವರ್ಷ ಬಿಟ್ಟಿದ್ರ ಸಾಕಿತ್ತು.” ನನಗೆ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು, ಆಟೋ ಹುಡುಕುವ ನೆಪ ಮಾಡಿ ರಸ್ತೆಯ ಕಡೆ ನೋಡಿದೆ.

ಸಭೆಯಲ್ಲಿ ಬರೆದುಕೊಳ್ಳದ ಇನ್ನೊಂದು ತೀರ್ಮಾನವೂ ಆಯಿತು. ಮಕ್ಕಳ ಮುಂದೆ ಕನ್ನಡ ಆಡುವುದು ಅಪಾಯ ಎಂದು ಮನೆಮನೆಗೂ ಮನವರಿಕೆಯಾಗಿ, ಊಟದ ಹೊತ್ತಿನ ಆಡಿಕೊಳ್ಳುವಿಕೆ ಮಕ್ಕಳು ಮಲಗಿದ ಮೇಲಕ್ಕೆ ಹೋಯಿತು. ಹೀಗೆ ನಮ್ಮ ಮಕ್ಕಳಿಗೆ ದಕ್ಕಿದ್ದ ಆ ಒಂದು ಪಾತ್ರೆ ಕನ್ನಡವನ್ನೂ ನಾವು ಮುಚ್ಚಿಟ್ಟೆವು. ಭಾನುವಾರದ ಕ್ಲಾಸಿಗೆ ಟ್ಯೂಷನ್ನು ಅಡ್ಡ ಬಂತು, ಜ್ವರ ಅಡ್ಡ ಬಂತು. ಕೆಲವೇ ವರ್ಷಗಳಲ್ಲಿ ಎಲ್ಲರ ಮನೆಗೂ ಕಂಪ್ಯೂಟರು ಬಂದು, ಯಾರಿಗೆ ಬೇಕಾದರೂ ಸಾಂತಾ ಇಂಗ್ಲಿಷಿನಲ್ಲಿ, ಬಿಟ್ಟಿಯಾಗಿ ಸಿಗುವಂತಾದ. ಹೊಸಮನಿಯವರ ನಿವೃತ್ತಿಗೆ ಸಂಘ ಶಾಲು ಹೊದಿಸಿತು. “ಕನ್ನಡದ ಕಟ್ಟಾಳು” ಎಂದು ಮೂರ್ತಿಯವರು ಭಾಷಣ ಮಾಡಿದರು. ಮಕ್ಕಳಲ್ಲಿ ಒಬ್ಬರೂ ಬರಲಿಲ್ಲ, ಅವರಿಗೆ ಪರೀಕ್ಷೆ. ಗಂಡ ಹೆಂಡತಿ ಸೂರತ್ತಿಗೆ, ಮಗಳ ಮನೆಗೆ ಹೊರಟುಹೋದರು.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ. ಅದೇ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಗಳು ಫೋನ್ ಮಾಡಿ ಹಿಂದಿಯಲ್ಲಿ ತಿಳಿಸಿದಳು.

ಆ ಒಂದು ಸಲ ಬೇಸಿಗೆ ರಜೆಗೆ ನಾವು ಮೈಸೂರಿಗೆ ಹೊರಟಿದ್ದೆವು. ಗಾಡಿ ಸೂರತ್ತಿನಲ್ಲಿ ಐದು ನಿಮಿಷ ನಿಲ್ಲುತ್ತದೆ ಎಂದು ತಿಳಿದು ಅವರು ಪ್ಲಾಟ್‌ಫಾರಂಗೆ ಬಂದಿದ್ದರು. ನಾನು ಬಾಗಿಲಲ್ಲಿ ನಿಂತೆ. ಬಹಳ ಇಳಿದಿದ್ದರು. ಗಿರಿಜಕ್ಕ ಕೊಟ್ಟ ಜೋಳದ ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟರು.

“ಹೆಂಗದೀರಿ?” ಎಂದು ಅವರ ಧಾಟಿಯಲ್ಲೇ ಕೇಳಿದೆ.

“ಆರಾಮ್ರಿ. ಅಳಿಯ ಬಂಗಾರದಂಥಾವ, ಏನೂ ಕಮ್ಮಿ ಮಾಡಿಲ್ಲ. ಮಾತಾಡಾಕ ಗಿರಿಜಾ ಒಬ್ಬಾಕಿ. ಆಕಿ ಜೋಡಿ ಜೀವನಪೂರ್ತಿ ಮಾತಾಡೇನಿ, ಹೊಸಾದು ಏನೂ ಉಳದಿಲ್ಲ. ಮೊಮ್ಮಗ ಅದಾನ, ಚೊಲೊ ಹುಡುಗ. ಬರೇ ನಗತೈತಿ, ನಾ ಏನಂದ್ರೂ ನಗತೈತಿ.” ನನ್ನ ಹಿಂದೆ ಇಣುಕಿದರು. “ಮೇಘಾ ಎಲ್ಲಿ?”

ಹದಿಮೂರರ ಮೇಘಾ ಒಳಗೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತಿದ್ದಳು. ಕೂಗಿದೆ, ಕೇಳಿಸಲಿಲ್ಲ. ಗಾಡಿ ಸಿಳ್ಳೆ ಹಾಕಿತು. “ಇರ್ಲಿ ಬಿಡ್ರಿ, ಕಿಟಕ್ಯಾಗ ನೋಡತೀನಿ,” ಎಂದು ಹೊಸಮನಿಯವರು ಬೋಗಿಯುದ್ದಕ್ಕೂ ಓಡಿದರು. ನಾನು ಒಳಗೆ ಧಾವಿಸಿ, ಇಯರ್‌ಫೋನು ಕಿತ್ತು, “ಹೊಸಮನಿ ಅಂಕಲ್ ಕಣೇ, ಹೊರಗೆ ನೋಡು!” ಎಂದೆ.

ನಮ್ಮ ಯಜಮಾನರಿಗೆ ಬಡ್ತಿಯಾಗಿ, ಎಸಿ ಬೋಗಿಯಲ್ಲಿ ಹೋಗುವ ಯೋಗ್ಯತೆ ಬಂದ ಮೊದಲ ವರ್ಷ ಅದು. ಕಿಟಕಿ ತೆರೆಯುವಂತಿಲ್ಲ, ದಪ್ಪ ಗಾಜು, ಒಳಗಿನಿಂದ ಹೊರಗೆಲ್ಲ ಕಾಣುತ್ತದೆ, ಹೊರಗಿನಿಂದ ಒಳಗೆ ಏನೂ ಕಾಣುವುದಿಲ್ಲ, ಕೇಳುವುದೂ ಇಲ್ಲ. ಹೊಸಮನಿಯವರು ನಮ್ಮ ಕಿಟಕಿಯನ್ನು ದಾಟಿ ಪಕ್ಕದ ಕಿಟಕಿಯ ಎದುರು ನಿಂತು, ಗಾಜು ಬಡಿದು, ಎರಡೂ ಕೈ ಬೀಸುತ್ತಿದ್ದರು. ಆ ಸೀಟಿನಲ್ಲಿ ಹಪ್ಪಳದಂಥ ಖಾಖರಾ ರೊಟ್ಟಿ ತಿನ್ನುತ್ತಿದ್ದ ಗುಜರಾತಿ ಶೇಠ್ ಒಬ್ಬರು ಸ್ವಲ್ಪ ಗಲಿಬಿಲಿಯಾಗಿ, ಆಮೇಲೆ ಮರ್ಯಾದೆಗೆ ತಾವೂ ಕೈ ಬೀಸಿದರು.

ಮೇಘಾ ಸೀಟಿನ ಮೇಲೆ ಮೊಣಕಾಲೂರಿ, ಗಾಜಿಗೆ ಬಾಯಿ ಹಚ್ಚಿ ಕೂಗಿದಳು: “ಅಂಕಲ್, ಇಲ್ಲಿ! ನಾನು ಇಲ್ಲಿದೀನಿ! ಈಗ ನೀವು ಕಥೆ ಯಾರಿಗೆ ಹೇಳ್ತೀರಿ?”

ಹೇಳಿಕೊಡದೆ, ಕೇಳದೆ, ತಾನಾಗೇ ಆಡಿದ ಮಾತು. ಬೋಗಿಯವರೆಲ್ಲ ತಿರುಗಿ ನೋಡಿದರು. ಗಾಡಿ ಹೊರಟಿತ್ತು. ಹೊಸಮನಿಯವರು ಮುಖ ತುಂಬ ನಗು ಇಟ್ಟುಕೊಂಡು, ಆ ಶೇಠರಿಗೆ ಕೈ ಬೀಸುತ್ತಲೇ ಹಿಂದೆ ಉಳಿದರು.